ಮಂಗಳೂರು, ಉಡುಪಿ ಕಡೆಯ ಹೆಂಗಸರು ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಲೋನ್ ಮಾಡಿಸುವುದು ಹೇಗೆ

ಕೋರಿ ರೊಟ್ಟಿ ಮಾಡಿ ಅಂಗಡಿಗೆ ಹಾಕುವವರು, ಹಲಸಿನ ಹಪ್ಪಳ ಮಾಡುವವರು, ಟೈಲರಿಂಗ್, ಪಾರ್ಲರ್, ಒಣಮೀನು, ನಮ್ಮ ಕಡೆ ಕೈಯಲ್ಲಿ ಒಂದು ಕೆಲಸ ಇಲ್ಲದ ಹೆಂಗಸರು ಕಡಿಮೆ, ಆದ್ರೆ ಲೋನ್ ಅಂದ ಕೂಡ್ಲೆ "ನಮಗೆಲ್ಲ ಯಾರು ಕೊಡ್ತಾರೆ ಮಾರಾಯ್ರೆ" ಅಂತ ಹಿಂದೆ ಸರಿಯುವವರೇ ಜಾಸ್ತಿ. ಕೊಡ್ತಾರೆ. ಆದ್ರೆ ಯಾವ ಸ್ಕೀಮ್ ಎಲ್ಲಿ ಅಂತ ಸರಿಯಾಗಿ ತಿಳ್ಕೊಂಡು ಹೋಗ್ಬೇಕು.

ಮೊದ್ಲು ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ, ಸಬ್ಸಿಡಿ ಅಂದ್ರೆ ಕೈಗೆ ಬರುವ ದುಡ್ಡಲ್ಲ, ಬ್ಯಾಂಕ್ ಸಾಲ ಸ್ಯಾಂಕ್ಷನ್ ಆದ್ರೆ ಮಾತ್ರ ಅದರ ಮಾತು. ಹಾಗಾಗಿ ಅರ್ಜಿ ಹಾಕುವ ಮೊದ್ಲೇ ನಿಮ್ಮದೇ ಹೆಸರಲ್ಲಿ ಖಾತೆ ಮಾಡಿ ವ್ಯಾಪಾರದ ದುಡ್ಡನ್ನು ಅದರಲ್ಲೇ ಓಡಿಸಿ, ಗಂಡನ ಗೂಗಲ್ ಪೇಗೆ ಹಾಕಿಸ್ಬೇಡಿ. ಸಿಬಿಲ್ (ಹಳೇ ಸಾಲ ಸರಿಯಾಗಿ ಕಟ್ಟಿದ್ದೀರಾ ಅಂತ ತೋರಿಸುವ ಸ್ಕೋರ್) ಕೂಡ ನೋಡ್ತಾರೆ, ಸಂಘದಲ್ಲೋ ಫೈನಾನ್ಸಿನಲ್ಲೋ ಬೇರೆಯವರಿಗೋಸ್ಕರ ನಿಮ್ಮ ಹೆಸರಲ್ಲಿ ಸಾಲ ತೆಗೆದು ಕೊಟ್ಟು ಅವರು ಕಟ್ಟದೇ ಇದ್ರೆ ನಿಮ್ಮ ಅರ್ಜಿ ಅಲ್ಲೇ ನಿಲ್ತದೆ. ಇದನ್ನು ಮೊದ್ಲು ಸರಿ ಮಾಡಿಸಿ.

ಕಡಿಮೆ ಆದಾಯದವರಿಗೆ ಉದ್ಯೋಗಿನಿ ಒಳ್ಳೇದು, ಮಹಿಳಾ ಅಭಿವೃದ್ಧಿ ನಿಗಮದ್ದು. 18ರಿಂದ 55 ವರ್ಷದೊಳಗೆ ಇರ್ಬೇಕು, 3 ಲಕ್ಷದವರೆಗೆ ಸಾಲ. ಎಸ್‌ಸಿ, ಎಸ್‌ಟಿಯವರಿಗೆ ಸಾಲದ ಅರ್ಧದಷ್ಟು ಸಬ್ಸಿಡಿ, ಮನೆ ಆದಾಯ 2 ಲಕ್ಷ ದಾಟಿರಬಾರದು. ಉಳಿದವರಿಗೆ 30 ಪರ್ಸೆಂಟ್, ಹೆಚ್ಚೆಂದ್ರೆ 90,000, ಆದಾಯ ಮಿತಿ ಒಂದೂವರೆ ಲಕ್ಷ. ವಿಧವೆಯರಿಗೆ, ಅಂಗವಿಕಲರಿಗೆ ಈ ಆದಾಯ ಮಿತಿ ಇಲ್ಲ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ದಯವಿಟ್ಟು ನಿಮ್ಮ ಪಕ್ಕದ ಮನೆಯವರಿಗೂ ಹೇಳಿ. ವಿಚಾರಿಸ್ಲಿಕ್ಕೆ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ, ದಾರಿ ಗೊತ್ತಿಲ್ಲದಿದ್ರೆ ಅಂಗನವಾಡಿ ಟೀಚರ್ ಹತ್ರ ಕೇಳಿದ್ರೂ ಆಗ್ತದೆ.

ಸ್ವಲ್ಪ ದೊಡ್ಡದಾಗಿ ಮಾಡುವವರಿಗೆ ಪಿಎಂಇಜಿಪಿ, ಅಂದ್ರೆ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. ಇದು ಹೊಸ ಘಟಕಕ್ಕೆ ಮಾತ್ರ. ಹೆಂಗಸರು ಕೈಯಿಂದ ಹಾಕ್ಬೇಕಾದ್ದು 5 ಪರ್ಸೆಂಟ್ ಅಷ್ಟೇ, ಸಬ್ಸಿಡಿ ಹಳ್ಳಿಯಲ್ಲಾದ್ರೆ 35, ಪೇಟೆಯಲ್ಲಾದ್ರೆ 25. ಹೆಬ್ರಿ ಕಡೆಯ ಒಂದು ಹಳ್ಳಿಯಲ್ಲಿ 4 ಲಕ್ಷದ ಕೋರಿ ರೊಟ್ಟಿ ಯೂನಿಟ್ ಅಂತ ಇಟ್ಕೊಳ್ಳಿ, ನಿಮ್ಮದು 20,000, ಬ್ಯಾಂಕಿನದ್ದು 3,80,000, ಸಬ್ಸಿಡಿ 1,40,000. ಆ 1,40,000 ಬ್ಯಾಂಕಲ್ಲೇ ನಿಮ್ಮ ಹೆಸರಲ್ಲಿ 3 ವರ್ಷ ಕೂತಿರ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ, ಯೂನಿಟ್ ನಡೀತಾ ಇದ್ರೆ ಆಮೇಲೆ ಸಾಲಕ್ಕೆ ಜಮಾ. ಮಧ್ಯದಲ್ಲಿ ಮುಚ್ಚಿದ್ರೆ ಸಿಗುವುದಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ, ಮತ್ತೆ ಅದೇ ಯೂನಿಟ್ಟಿಗೆ ಉದ್ಯೋಗಿನಿ ಕೂಡ ಬೇಕು ಅಂದ್ರೆ ಆಗುವುದಿಲ್ಲ. ಅರ್ಜಿ ಆನ್‌ಲೈನ್, ಸಂಶಯ ಇದ್ರೆ ಮಂಗಳೂರಿನವರು ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಈ ವರ್ಷ ಕೊಡುವ ಸಾಲದ ಟಾರ್ಗೆಟ್ ಇನ್ನೂ ಬಾಕಿ ಉಂಟಾ ಅಂತ ಮೊದ್ಲೇ ಕೇಳಿ.

ತಿಂಡಿ, ಹಪ್ಪಳ, ಉಪ್ಪಿನಕಾಯಿಯವರು ಸಣ್ಣ ಆಹಾರ ಘಟಕಗಳಿಗಿರುವ ಕೇಂದ್ರದ ಸ್ಕೀಮ್ ಪಿಎಂಎಫ್‌ಎಂಇ ಬಗ್ಗೆಯೂ ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಅದರಲ್ಲಿ ಸ್ಕೀಮಿನ 35 ಪರ್ಸೆಂಟಿನ ಮೇಲೆ ನಮ್ಮ ರಾಜ್ಯದ್ದೂ 15 ಸೇರ್ತದೆ, ಈಗ ನಡೀತಾ ಇರುವ ಸಣ್ಣ ಘಟಕ ದೊಡ್ಡದು ಮಾಡ್ಲಿಕ್ಕೂ ಆಗ್ತದೆ. ಬರೀ ಒಂದು ಹೊಲಿಗೆ ಮಿಷನ್, ಸ್ವಲ್ಪ ಬಟ್ಟೆ ಅಂತಾದ್ರೆ ಮುದ್ರಾ ಯೋಜನೆಯ ಶಿಶು ಸಾಲ ಸಾಕು, 50,000ದವರೆಗೆ, ಅಡಮಾನ ಇಲ್ಲ, ಸಬ್ಸಿಡಿಯೂ ಇಲ್ಲ.

ಕಾಗದಪತ್ರದಲ್ಲಿ ಜಾಸ್ತಿ ಎಡವುವುದು ಕೊಟೇಶನ್ನಲ್ಲಿ. ಮಿಷನ್ ಅಂಗಡಿಯ ಜಿಎಸ್‌ಟಿ ನಂಬರ್, ಸೀಲು, ಸಹಿ, ತಾರೀಕು, ನಿಮ್ಮ ಹೆಸರು ಆಧಾರಲ್ಲಿ ಇದ್ದ ಹಾಗೇ ಇರ್ಬೇಕು, ಮಾಡೆಲ್ ಮತ್ತೆ ಎಷ್ಟು ಎಚ್‌ಪಿ ಅಂತಾನೂ ಬರೆಸಿ. ಸ್ಯಾಂಕ್ಷನ್ ಆಗುವ ಮೊದ್ಲೇ ಕೈಸಾಲ ಮಾಡಿ ಮಿಷನ್ ತರ್ಬೇಡಿ, ಆಮೇಲೆ ಆ ಬಿಲ್ಲನ್ನು ಬ್ಯಾಂಕ್ ಒಪ್ಪುವುದು ಕಷ್ಟ. ಜಾಗ ಅತ್ತೆ ಹೆಸರಲ್ಲಿದ್ರೆ ಅವರಿಂದ ಒಪ್ಪಿಗೆ ಪತ್ರ, ಪಂಚಾಯತ್ ಲೈಸೆನ್ಸ್, ತಿನ್ನುವ ಸಾಮಾನಾದ್ರೆ ಆಹಾರ ಸುರಕ್ಷತೆಯ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಪೂರ್ತಿ ಫ್ರೀ, ಸರ್ಕಾರಿ ಸೈಟಲ್ಲಿ ಆಧಾರ್ ಒಟಿಪಿ, ಪ್ಯಾನ್ ನಂಬರ್ ಇದ್ರೆ ಸಾಕು, ಅದಕ್ಕೆ ಫೀಸ್ ಕೇಳುವ ಸೈಟುಗಳೆಲ್ಲ ಖಾಸಗಿಯವರದ್ದು.

ಧೈರ್ಯ ಸಾಲ್ತಾ ಇಲ್ಲ ಅನ್ನುವವರು ಒಂದು ಸಲ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ತರಬೇತಿಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು, ದೇಶದ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕಿನವರು ನಡೆಸುವ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳಿಗೆಲ್ಲ ಇದೇ ಮಾದರಿ. ಉಡುಪಿಯವರಿಗೆ ಬ್ರಹ್ಮಾವರದಲ್ಲಿ ಉಂಟು. ಊಟ, ವಸತಿ, ಕಲಿಸುವುದು ಎಲ್ಲ ಫ್ರೀ, ಲೆಕ್ಕ ಬರೆಯುವುದು, ರೇಟ್ ಹಾಕುವುದು ಕೂಡ ಹೇಳಿಕೊಡ್ತಾರೆ, ನನ್ನ ಪ್ರಕಾರ ಹೊಲಿಗೆ ಕಲಿಯುವುದಕ್ಕಿಂತ ಅದೇ ಮುಖ್ಯ. ಆ ಸರ್ಟಿಫಿಕೇಟ್ ಫೈಲಿನಲ್ಲಿದ್ರೆ ಮ್ಯಾನೇಜರಿಗೂ ನಂಬಿಕೆ ಬರ್ತದೆ.

"ಸ್ಯಾಂಕ್ಷನ್ ಮಾಡಿಸಿ ಕೊಡ್ತೇನೆ, ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರಿಗೆ ಒಂದು ರೂಪಾಯಿ ಕೊಡ್ಬೇಡಿ, ಸಹಿ ಹಾಕಿದ ಖಾಲಿ ಚೆಕ್ಕಂತೂ ಬೇಡವೇ ಬೇಡ. ಬ್ಯಾಂಕಲ್ಲಿ 10 ಲಕ್ಷದವರೆಗಿನ ಇಂಥ ಸಾಲಕ್ಕೆ ಅಡಮಾನ ಕೇಳ್ಲಿಕ್ಕಿಲ್ಲ. ಬಾಯಿ ಮಾತಲ್ಲಿ ಆಗುವುದಿಲ್ಲ ಅಂದ್ರೆ ಕಾರಣ ಬರೆದು ಕೊಡಿ ಅಂತ ಸಮಾಧಾನದಲ್ಲೇ ಕೇಳಿ, ಆ ಕಾಗದ ಹಿಡ್ಕೊಂಡು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರನ್ನು (ಜಿಲ್ಲೆಯ ಬ್ಯಾಂಕುಗಳ ಸಾಲದ ಯೋಜನೆ ನೋಡಿಕೊಳ್ಳುವವರು) ಕಾಣಿ, ಹೋಗುವಾಗ ಫೈಲಿನ ಒಂದು ಜೆರಾಕ್ಸ್ ಸೆಟ್ ಜೊತೆಗೆ ಇರ್ಲಿ.