ಕೋಲ್ ಕ್ರೀಕ್: ಊರೊಳಗಿನ ಕಾಡು, ಕಾಲಡಿಯಲ್ಲಿ ಗಣಿ

ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಅರ್ಧ ದಿನ ಬಿಡುವು ಸಿಕ್ಕಿದರೆ ಕೋಲ್ ಕ್ರೀಕ್ ಹಳ್ಳದ ದಾರಿ ಹಿಡಿಯಿರಿ. ಒಂದು ಕಡೆಗೆ ಸುಮಾರು 5 ಕಿಲೋಮೀಟರ್. ದೊಡ್ಡ ಏರಿಲ್ಲ, ಮಕ್ಕಳೂ ನಡೆಯಬಹುದು.

ಈ ದಾರಿಗೆ ಎರಡು ತುದಿ. ಕೆಳಗೆ ಕೋಲ್ ಕ್ರೀಕ್ ಪಾರ್ಕ್‌ವೇ, ಮೇಲೆ ಲೇಕ್‌ಮಾಂಟ್ ಬುಲೆವಾರ್ಡ್ ಬದಿಯ ರೆಡ್ ಟೌನ್. ಮೇಲಿಂದಲೇ ಶುರು ಮಾಡಿ. ಇಲ್ಲಿದ್ದ ಹಳೆಯ ಕಲ್ಲಿದ್ದಲು ಗಣಿಯ ಗುರುತುಗಳು ಜಾಸ್ತಿ ಇರುವುದು ಅಲ್ಲೇ, ಹಾಗಾಗಿ ಸುಸ್ತಾಗಿ ಅರ್ಧಕ್ಕೆ ವಾಪಸ್ ಬಂದರೂ ಮುಖ್ಯವಾದದ್ದು ನೋಡಿರುತ್ತೀರಿ. ವಾಪಸ್ ಬರುವಾಗ ಏರು ಬರುತ್ತದೆ, ಅದಕ್ಕೆ ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ. ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಬೆಳಿಗ್ಗೆಯೇ ಹೋಗಿ.

ರೆಡ್ ಟೌನ್ ಹಿಂದೆ ಗಣಿ ಕೆಲಸಗಾರರ ಕೇರಿಯಾಗಿತ್ತು. ಮನೆಗಳಿಗೆ ಕೆಂಪು ಬಣ್ಣ ಬಳಿದಿದ್ದರು, ಅದಕ್ಕೇ ಆ ಹೆಸರು. ಇಲ್ಲಿ ಕಲ್ಲಿದ್ದಲು ಸಿಕ್ಕಿದ್ದು 1863ರಲ್ಲಿ, ಅಗೆಯುವುದು ನಿಂತಿದ್ದು 1963ರಲ್ಲಿ. 1878ರಲ್ಲಿ ಸಿಯಾಟಲ್‌ನಿಂದ ಇಲ್ಲಿಗೇ ರೈಲು ಬಂತು.

ಹಳ್ಳಕ್ಕೆ ಇಳಿಯುವ ಮೊದಲು ಪಕ್ಕದ ಕೂಗರ್ ಮೌಂಟನ್ ಬೆಟ್ಟದ ಕಡೆ ಸ್ವಲ್ಪ ನಡೆದು ಫೋರ್ಡ್ ಸ್ಲೋಪ್ ನೋಡಿ ಬನ್ನಿ, ದಯವಿಟ್ಟು ಇದನ್ನು ಬಿಡಬೇಡಿ. 1905ರಿಂದ 1926ರವರೆಗೆ ನಡೆದ ಗಣಿಯ ಬಾಯಿ ಅದು, ಈಗ ಮುಚ್ಚಿದ್ದಾರೆ. ಒಳಗೆ ಓರೆಯಾಗಿ 1,740 ಅಡಿ ಇಳಿದು, ಸಮುದ್ರ ಮಟ್ಟಕ್ಕಿಂತ 200 ಅಡಿ ಕೆಳಗೆ ಹೋಗುತ್ತಿತ್ತು. ದಿನಾ ಆ ಕತ್ತಲೆಗೆ ಇಳಿದು ಹತ್ತುತ್ತಿದ್ದವರನ್ನು ನೆನೆದರೆ ಎದೆ ಭಾರವಾಗುತ್ತದೆ. ಒಂದು ನಿಮಿಷ ಸುಮ್ನೆ ನಿಂತುಕೊಳ್ಳಿ.

ಆಮೇಲೆ ರಸ್ತೆ ದಾಟಿ ಹಳ್ಳದ ಕಡೆ ಇಳಿಯಿರಿ. ಇಲ್ಲಿ ಮರ ನೋಡುವಷ್ಟೇ ನೆಲವನ್ನೂ ನೋಡಬೇಕು. ಅಲ್ಲಲ್ಲಿ ಮಣ್ಣು ಕಪ್ಪಗಿರುತ್ತದೆ, ಅದು ಕಲ್ಲಿದ್ದಲಿನ ಪುಡಿ. ಸುಟ್ಟ ಇಟ್ಟಿಗೆಯಂಥ ಕೆಂಪು ಕಲ್ಲು ಕಂಡರೆ ಅದೂ ಗಣಿಯದ್ದೇ: ಇದ್ದಲಿನ ಕಸ ರಾಶಿ ಬಿದ್ದರೆ ಗಾಳಿ ತಾಗಿ ಒಳಗೊಳಗೇ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಉರಿದು ಉಳಿದದ್ದು ಹೀಗೆ ಕೆಂಪಾಗುತ್ತದೆ. ನಾರ್ತ್ ಫೋರ್ಕ್ ಅನ್ನುವ ಪುಟ್ಟ ಜಲಪಾತದ ಬಂಡೆ ಕಿತ್ತಳೆ ಬಣ್ಣಕ್ಕಿದೆ. ನೀರಿನಲ್ಲಿರುವ ಕಬ್ಬಿಣದ ತುಕ್ಕು ಅದು. ಚೆಂದ ಇದೆ, ಆದರೆ ಕುಡಿಯಬೇಡಿ, ನಾಯಿಗೂ ಕುಡಿಸಬೇಡಿ.

ಕಾಡು ನೋಡಿದರೆ ಸಾವಿರ ವರ್ಷದ್ದು ಅನಿಸುತ್ತದೆ, ಅಲ್ವಾ? ಹಾಗಲ್ಲ, ಹಳೆಯ ಮರಗಳನ್ನು ಕಡಿದ ಮೇಲೆ ಬೆಳೆದದ್ದೇ ಹೆಚ್ಚು. ಕೆದಕಿದ ನೆಲಕ್ಕೆ ಮೊದಲು ಬರುವುದು ಆಲ್ಡರ್ ಮರ. ಅದರ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸತ್ವ ಕೊಡುತ್ತವೆ.

ಎಲೆ ಉದುರಿದ ಚಳಿಗಾಲದಲ್ಲಿ ಹೋದರೆ ಹಳೆಯ ಗುರುತುಗಳು ಚೆನ್ನಾಗಿ ಕಾಣುತ್ತವೆ, ಕೆಸರು ಮಾತ್ರ ಜಾಸ್ತಿ, ಗಟ್ಟಿ ಬೂಟು ಹಾಕಿಕೊಳ್ಳಿ. ದಾರಿ ಬಿಟ್ಟು ಒಳಗೆ ಕಾಲಿಡಬೇಡಿ. ಹಳೆಯ ಸುರಂಗದ ಮೇಲಿನ ನೆಲ ಕುಸಿಯಬಹುದು, ಬೇಲಿ ಹಾಕಿರುವುದು ಅದಕ್ಕೇ. ಬೇಸಿಗೆಯಲ್ಲಿ ಮುಟ್ಟಿದರೆ ಉರಿಯುವ ತುರಿಕೆ ಗಿಡಗಳೂ ಇರುತ್ತವೆ. ಏರು ಬೇಡ ಅನಿಸಿದರೆ, ಎರಡು ಕಾರು ಇದ್ದಾಗ ಒಂದನ್ನು ಮೊದಲೇ ಪಾರ್ಕ್‌ವೇ ತುದಿಯಲ್ಲಿ ನಿಲ್ಲಿಸಿ ಬನ್ನಿ.