ನಳಿಗೆಗೆ ಒಪ್ಪುವ ಗುಂಡು: ಕೊಲರಾಡೊದ ಮಝಲ್‌ಲೋಡರ್ ಬೇಟೆಗೆ ನಾನು ಮಾಡಿಕೊಂಡ ತಯಾರಿ

ಮಝಲ್‌ಲೋಡರ್, ಅಂದರೆ ಬಾಯಿಯಿಂದಲೇ ಮದ್ದು, ಗುಂಡು ತುಂಬುವ ಕೋವಿ, ಕೊಂಡ ನಮ್ಮವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಯಾವ ಗುಂಡು ಒಳ್ಳೆಯದು?" ನಾನು ತಿರುಗಿ ಕೇಳುವುದು, "ನಿಮ್ಮ ನಳಿಗೆಯಲ್ಲಿ ಎಷ್ಟು ಇಂಚಿಗೆ ಒಂದು ಸುತ್ತು?" ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು, ಅಂದರೆ ರೈಫ್ಲಿಂಗ್, ಗುಂಡನ್ನು ತಿರುಗಿಸುತ್ತವೆ; ಆ ಗೆರೆ ಒಂದು ಪೂರ್ತಿ ಸುತ್ತು ಬರಲು ಎಷ್ಟು ಉದ್ದ ಬೇಕು ಎಂಬುದೇ ಈ ಲೆಕ್ಕ. ಗುಂಡನ್ನು ಆರಿಸುವುದು ನಳಿಗೆ, ನಾವಲ್ಲ. ಎರಡನೆಯ ಮಾತು ಬೇಟೆಯಾಡುವ ರಾಜ್ಯದ ಕಾನೂನಿನದು. ಅಂಗಡಿಯ ಡಬ್ಬದ ಮೇಲಿನ ಜಾಹೀರಾತಿಗೆ ಇದರಲ್ಲಿ ಜಾಗವೇ ಇಲ್ಲ.

ಸಕಲೇಶಪುರದ ಕಡೆಯ ಮನೆಗಳಲ್ಲಿ ಕೇಪಿನ ಕೋವಿ ನೋಡಿ ಬೆಳೆದವನು ನಾನು. ಆ ಕೋವಿಗಳ ನಳಿಗೆ ಒಳಗೆ ನುಣುಪು. ಮದ್ದು ಸುರಿದು, ಚರೆ ಹಾಕಿ, ಕೋಲಿನಿಂದ ಜಡಿದರೆ ಈಡು ತಯಾರು. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ, ಹಾಗಿರುವುದೇ ಸರಿ ಎಂದು ನಂಬಿದವನು. ಇಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಸಂಖ್ಯೆ ನೋಡಿಕೊಂಡು ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಮಝಲ್‌ಲೋಡರ್‌ಗೆ ಏಪ್ರಿಲ್ ಆರಂಭದೊಳಗೆ ಅರ್ಜಿ ಹಾಕಬೇಕು, ಡ್ರಾದಲ್ಲಿ ಹೆಸರು ಬಂದರೆ ಸೆಪ್ಟೆಂಬರ್‌ನಲ್ಲಿ ಒಂಬತ್ತು ದಿನದ ಸೀಸನ್. ಕೈಯಲ್ಲಿರುವುದು ಒಂದೇ ಈಡು. ಮತ್ತೆ ತುಂಬುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಬೆಟ್ಟ ದಾಟಿರುತ್ತದೆ. ಗುಂಡಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಇಲ್ಲಿನ ನಿಯಮವೇ ಅರ್ಧ ಆಯ್ಕೆ ಮಾಡಿಬಿಡುತ್ತದೆ. ಸೇಬೊ, ಅಂದರೆ ಸಣ್ಣ ಗುಂಡನ್ನು ಸುತ್ತಿಕೊಂಡು ಹೋಗುವ ಪ್ಲಾಸ್ಟಿಕ್ ಬಟ್ಟಲು, ಈ ಸೀಸನ್‌ನಲ್ಲಿ ನಿಷಿದ್ಧ. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಇಲ್ಲ. ಮಾತ್ರೆಯಂತೆ ಅಚ್ಚು ಹಾಕಿದ ಮದ್ದು ಇಲ್ಲ, ಪುಡಿ ಮದ್ದೇ ಆಗಬೇಕು. ಎಲ್ಕ್‌ಗೆ ಕನಿಷ್ಠ 50 ಕ್ಯಾಲಿಬರ್, ಅಂದರೆ ಅರ್ಧ ಇಂಚು ಅಗಲದ ನಳಿಗೆ. 50ರ ಗುಂಡು 170 ಗ್ರೇನ್‌ಗಿಂತ (ಸುಮಾರು 11 ಗ್ರಾಂ) ಕಡಿಮೆ ತೂಗಬಾರದು, ಉದ್ದ ಗುಂಡಾದರೆ ಅದರ ಉದ್ದ ವ್ಯಾಸದ ಎರಡರಷ್ಟನ್ನು ಮೀರಬಾರದು. ಬೇರೆ ರಾಜ್ಯಗಳಲ್ಲಿ ಬಹಳ ಜನ ಬಳಸುವ ಸೇಬೊ ಗುಂಡುಗಳೆಲ್ಲ ಇಲ್ಲೇ ಬಿದ್ದುಹೋಗುತ್ತವೆ. ಉಳಿಯುವುದು ಮುಖ್ಯವಾಗಿ ಎರಡು: ಬಟ್ಟೆ ಸುತ್ತಿದ ಉರುಟು ಸೀಸದ ಗುಂಡು, ಇಲ್ಲವೇ ನಳಿಗೆಯ ಪೂರ್ತಿ ಅಗಲಕ್ಕೆ ಕೂರುವ ಉದ್ದನೆಯ ಸೀಸದ ಗುಂಡು, ಅಂದರೆ ಕೊನಿಕಲ್.

ಇವೆರಡರಲ್ಲಿ ಯಾವುದು ಎಂಬುದಕ್ಕೆ ಸುತ್ತೇ ಉತ್ತರ. ಉರುಟು ಗುಂಡಿಗೆ ನಿಧಾನದ ಸುತ್ತು ಸಾಕು, 60–70 ಇಂಚಿಗೆ ಒಂದು. ಉದ್ದ ಗುಂಡಿಗೆ ಬಿಗಿ ಸುತ್ತು ಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ಓಲಾಡಿ ಅಡ್ಡಡ್ಡ ಹೋಗಿ ಬಡಿಯುತ್ತದೆ. ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಲೆಕ್ಕವನ್ನು ನಾನು ಇಂದಿಗೂ ಕಾಗದದ ಮೇಲೆ ಮಾಡುತ್ತೇನೆ: ಇಂಚಿನಲ್ಲಿ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ಸುತ್ತು ಸಿಗುತ್ತದೆ. ಅರ್ಧ ಇಂಚು ವ್ಯಾಸ, ಒಂದು ಇಂಚು ಉದ್ದ ಎಂದರೆ 37.5 ಇಂಚು. ನನ್ನ ಇನ್‌ಲೈನ್ (ಕೇಪು ನಳಿಗೆಯ ನೇರ ಹಿಂದೆ ಕೂರುವ ಹೊಸ ಮಾದರಿ) ಕೋವಿಯದು 28 ಇಂಚಿಗೆ ಒಂದು ಸುತ್ತು, ಕಾನೂನು ಒಪ್ಪುವ ಅತಿ ಉದ್ದದ ಗುಂಡನ್ನೂ ಅದು ಆರಾಮಾಗಿ ತಿರುಗಿಸುತ್ತದೆ. 48 ಇಂಚಿಗೆ ಒಂದು ಸುತ್ತಿನ, ಹಾಕೆನ್ ಎಂಬ ಹಳೆ ಮಾದರಿಯ ಕೋವಿ ಇದ್ದವರಿಗೆ ಅದೇ ಲೆಕ್ಕ 0.78 ಇಂಚಿಗೆ ನಿಲ್ಲುತ್ತದೆ, ಅವರು ಗಿಡ್ಡ ಗುಂಡು ಹುಡುಕಬೇಕು. ಪೂರ್ತಿ ತಾಮ್ರದ ಗುಂಡು ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಉದ್ದ ಬೆಳೆಯುತ್ತದೆ, ಉದ್ದದ ಮಿತಿಯನ್ನು ಬೇಗ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಗೆಳೆಯರಿಗೆ ಮಾತ್ರ ಬೇರೆ ದಾರಿಯಿಲ್ಲ, ಅಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸವೇ ನಿಷೇಧ.

ಸುತ್ತು ಗೊತ್ತಾದ ಮೇಲೆ ಅಳತೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಟ್ಟದ್ದು ಇದಕ್ಕೆ. 50 ಕ್ಯಾಲಿಬರ್ ಎಂದು ಬರೆದ ನಳಿಗೆಗಳೆಲ್ಲ ಒಂದೇ ಅಳತೆಯವಲ್ಲ. ಖಾಲಿ ಕೋವಿಯ ಬ್ರೀಚ್ ಪ್ಲಗ್ (ನಳಿಗೆಯ ಹಿಂತುದಿಯ ಬಿರಡೆ) ಬಿಚ್ಚಿ, ಎಣ್ಣೆ ಸವರಿ, ತುಸು ದಪ್ಪನೆಯ ಮೆತ್ತನೆ ಸೀಸದ ಉಂಡೆಯೊಂದನ್ನು ಕೋಲಿನಿಂದ ಈ ತುದಿಯಿಂದ ಆ ತುದಿಗೆ ದೂಡಿದೆ. ಹೊರಬಂದ ಸೀಸದ ಮೇಲೆ ಒಳಗಿನ ಗೆರೆಗಳೆಲ್ಲ ಅಚ್ಚಾಗಿರುತ್ತವೆ, ಮೈಕ್ರೋಮೀಟರ್ ಹಿಡಿದರೆ ಇಂಚಿನ ಸಾವಿರದ ಒಂದು ಪಾಲಿನವರೆಗೂ ಲೆಕ್ಕ ಸಿಗುತ್ತದೆ. ಗುಂಡು ಹೆಬ್ಬೆರಳ ಒತ್ತಡಕ್ಕೆ ಬಾಯಲ್ಲಿ ಕೂತು, ಕೋಲಿನ ಸಮನಾದ ಒತ್ತಿಗೆ ಕೆಳಗಿಳಿಯಬೇಕು. ಸುತ್ತಿಗೆಯಿಂದ ಬಡಿಯಬೇಕಾದರೆ ಅದು ಬಿಗಿ. ತನ್ನಷ್ಟಕ್ಕೆ ಜಾರಿದರೆ ಬರೀ ಗುರಿ ತಪ್ಪುವ ಮಾತಲ್ಲ, ಪ್ರಾಣಕ್ಕೇ ಅಪಾಯ: ಕೋವಿ ಬಾಯಿ ಕೆಳಗಾದಾಗ ಗುಂಡು ಮದ್ದಿನಿಂದ ಮುಂದೆ ಸರಿದು ನಡುವೆ ಖಾಲಿ ಜಾಗವಾದರೆ ನಳಿಗೆ ಸೀಳಬಹುದು. ಈಡು ಪೂರ್ತಿ ಕೂತಾಗ ಕೋಲಿನ ಮೇಲೆ ಗೆರೆ ಎಳೆದಿಟ್ಟಿದ್ದೇನೆ. ಬೇಟೆಯ ದಿನ ಆಗಾಗ ಕೋಲು ಇಳಿಸಿ ಆ ಗೆರೆ ನೋಡುವುದು ಅಭ್ಯಾಸ.

ಸೀಸ ಶುದ್ಧವಾಗಿರಬೇಕು. ಉಗುರಿನಲ್ಲಿ ಗೀರಿದರೆ ಗೆರೆ ಮೂಡಬೇಕು. ಗಟ್ಟಿ ಮಿಶ್ರಲೋಹ ರೈಫ್ಲಿಂಗ್ ಗೆರೆಗಳನ್ನು ಸುಲಭಕ್ಕೆ ಹಿಡಿಯುವುದಿಲ್ಲ.

ಕೊನೆಗೆ ನಿಂತದ್ದು 370 ಗ್ರೇನ್ ತೂಕದ, ಚಪ್ಪಟೆ ತಳದ ಕೊನಿಕಲ್. ಅದರ ಕೆಳಗೆ ಜೇನುಮೇಣ, ಕೊಬ್ಬು ಸವರಿದ ಉಣ್ಣೆಯ ಬಿಲ್ಲೆ, ಅಂದರೆ ವ್ಯಾಡ್. ಬಿಸಿ ಅನಿಲ ಗುಂಡಿನ ತಳ ಕೊರೆಯದಂತೆ ತಡೆಯುವುದು ಈ ತುಂಡು ಉಣ್ಣೆ. ಅದನ್ನು ಇಟ್ಟ ಮೇಲೆಯೇ 50 ಗಜದಲ್ಲಿ ಗುಂಪು, ಅಂದರೆ ಕಾಗದದ ಮೇಲೆ ಗುಂಡುಗಳು ಬಡಿದ ತೂತುಗಳ ಹರವು, ಅಂಗೈ ಅಗಲದಿಂದ ಎರಡು ಬೆರಳಿಗೆ ಇಳಿಯಿತು. ಮದ್ದನ್ನು ತಯಾರಕರು ಹೇಳಿದ ಕನಿಷ್ಠದಿಂದ ಶುರುಮಾಡಿ ಐದೈದು ಗ್ರೇನ್ ಏರಿಸುತ್ತ ಹೋದೆ. ಗುಂಪು ಮತ್ತೆ ಚೆದುರಲು ಶುರುವಾದಾಗ ಹಿಂದಿನ ಅಳತೆಗೇ ನಿಂತೆ. ಗರಿಷ್ಠ ಮದ್ದು ಎಂದರೆ ಗರಿಷ್ಠ ಗುರಿ ಅಲ್ಲ. ಮಝಲ್‌ಲೋಡರ್‌ಗೆಂದೇ ಮಾಡಿದ ಮದ್ದು ಬಿಟ್ಟು ಸಾಮಾನ್ಯ ಹೊಗೆರಹಿತ ಮದ್ದನ್ನು ಇಂಥ ಕೋವಿಗೆ ಎಂದೂ ಹಾಕಬಾರದು.

ಕೊಲರಾಡೊದ ಒಣ ಗಾಳಿಗೆ ಮದ್ದಿನ ಮಸಿ ಒಳಗೆ ಗಟ್ಟಿ ಕಟ್ಟುತ್ತದೆ. ಆದ್ದರಿಂದ ಪ್ರತಿ ಈಡಿನ ನಡುವೆ ಒಂದು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ. ಗುಂಪು ನೋಡುವುದಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ತಣ್ಣಗಿನ, ಶುಚಿಯಾದ ನಳಿಗೆಯ ಮೊದಲ ಈಡಿಗೆ. ಬೇಟೆಯಲ್ಲಿ ಸಿಗುವುದು ಅದೊಂದೇ. ಬೇರೆ ಬೇರೆ ಬೆಳಗಿನ ಮೊದಲ ಈಡುಗಳನ್ನೆಲ್ಲ ಒಂದೇ ಕಾಗದದ ಮೇಲೆ ಹೊಡೆದು ಇಟ್ಟುಕೊಂಡಿದ್ದೇನೆ. ಆ ಕಾಗದವೇ ನನ್ನ ದೂರದ ಮಿತಿ ಹೇಳುತ್ತದೆ. 75 ಗಜಕ್ಕೆ ಗುರಿ ಕೂಡಿಸಿದರೆ 100 ಗಜದಲ್ಲಿ ಸುಮಾರು ಮೂರು ಇಂಚು ಕೆಳಗೆ. ಅದರಾಚೆಗೆ ಬರಿಗಣ್ಣಿನ ಸೈಟ್‌ನಲ್ಲಿ ಎಲ್ಕ್ ಮೇಲೆ ಈಡು ಹೊಡೆಯುವುದಿಲ್ಲ, ಎಷ್ಟೇ ದೊಡ್ಡದು ಎದುರು ನಿಂತರೂ.

ಈಗ 54 ಕ್ಯಾಲಿಬರ್‌ನ ಕೋವಿಯೊಂದು ಮನೆಗೆ ಬಂದಿದೆ, 70 ಇಂಚಿಗೆ ಒಂದು ಸುತ್ತು. ಅದಕ್ಕೆ ಉರುಟು ಗುಂಡೇ ಸರಿ. 50ಕ್ಕಿಂತ ದಪ್ಪದ ಗುಂಡಿಗೆ ಇಲ್ಲಿ ಕನಿಷ್ಠ 210 ಗ್ರೇನ್ ಬೇಕು, 0.530 ಇಂಚಿನ ಸೀಸದ ಉಂಡೆ 224ರ ಹತ್ತಿರ ತೂಗುತ್ತದೆ. ಸದ್ಯ ಸುತ್ತುವ ಬಟ್ಟೆಯ ದಪ್ಪ ಹುಡುಕುತ್ತಿದ್ದೇನೆ. ಪ್ರತಿ ಈಡಿನ ನಂತರ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡುತ್ತೇನೆ: ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು, ಗೆರೆಯುದ್ದಕ್ಕೂ ಕತ್ತರಿಸಿದ್ದರೆ ಹೊಸ ನಳಿಗೆಯ ಅಂಚು ಇನ್ನೂ ಹರಿತ. 0.015 ಇಂಚಿನ ಹತ್ತಿಬಟ್ಟೆ ಈವರೆಗೆ ಪೂರ್ತಿಯಾಗಿ ವಾಪಸ್ ಸಿಗುತ್ತಿದೆ.