ಬೀಜದ ಕಾಯಿಗೆ ದಾರ ಕಟ್ಟುವ ಹೊತ್ತು

ದೀಪಾವಳಿ ಕಳೆದು ಹಿತ್ತಲಿನ ಬಳ್ಳಿಗಳು ಹಳದಿಗೆ ತಿರುಗಿದವು ಎಂದರೆ ನಮ್ಮ ಮನೆಯಲ್ಲಿ ಮುಂದಿನ ವರ್ಷದ ತರಕಾರಿಯ ಮಾತು ಶುರುವಾಗುತ್ತದೆ. ಹೆಚ್ಚಿನವರಿಗೆ ಬೀಜದ ನೆನಪಾಗುವುದು ಮೇ ತಿಂಗಳ ಕೊನೆಗೆ, ರೋಹಿಣಿ ಮಳೆ ಹನಿಯುವಾಗ. ಆಗ ಪೇಟೆಗೆ ಓಡಿ, ಕೈಗೆ ಸಿಕ್ಕ ಪೊಟ್ಟಣ ತಂದು, ಪಾತಿಗೆ ಹಾಕಿ, ಆಮೇಲೆ ಬೀಜ ಸರಿಯಿಲ್ಲ ಎಂದು ಬೇಸರಪಟ್ಟುಕೊಳ್ಳುತ್ತಾರೆ. ಸಾಗರದ ಕಡೆಯ ಈ ಹಿತ್ತಲಿನಲ್ಲಿ 40 ವರ್ಷ ಮಣ್ಣು ಮುಟ್ಟಿದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಗಿಡ ಕಣ್ಣೆದುರು ನಿಂತಿರುವಾಗಲೇ ಮುಂದಿನ ವರ್ಷಕ್ಕೆ ಯಾವುದು ಬೇಕೆಂದು ತೀರ್ಮಾನಿಸಿ. ಆಷಾಢದ ಜಡಿಮಳೆಯಲ್ಲಿ ಯಾವ ಬಳ್ಳಿ ಕೊಳೆಯದೆ ನಿಂತಿತು, ಯಾವ ಬದನೆಗೆ ಹುಳದ ಕಾಟ ಕಡಿಮೆಯಿತ್ತು, ಯಾವ ಬೆಂಡೆ ಎರಡು ದಿನ ಕೊಯ್ಯದಿದ್ದರೂ ನಾರಾಗಲಿಲ್ಲ ಎಂಬುದು ಈಗ ಗೊತ್ತಿರುತ್ತದೆ. ಮೇ ತಿಂಗಳ ಹೊತ್ತಿಗೆ ಅದೆಲ್ಲ ಮರೆತುಹೋಗಿರುತ್ತದೆ.

ಮೊದಲು ಅಡುಗೆಮನೆಯ ಲೆಕ್ಕ ಹಾಕಬೇಕು. ನಾನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತೇನೆ: ಯಾವ ತರಕಾರಿ ಮೊದಲು ಕೊಯ್ದದ್ದು ಯಾವತ್ತು, ಯಾವುದು ತಿಂದು ಮುಗಿಯದೆ ದನಕ್ಕೆ ಹೋಯಿತು, ಯಾವುದಕ್ಕೆ ಪೇಟೆಯಿಂದ ದುಡ್ಡು ಕೊಟ್ಟು ತಂದೆವು. ನಾಲ್ಕು ಜನರ ಮನೆಗೆ ಹಾಗಲಬಳ್ಳಿ ಎರಡು ಸಾಕು, ಹೀರೆ ಮೂರು ಸಾಕು. ಬೆಂಡೆ ಮಾತ್ರ 20 ಗಿಡಕ್ಕಿಂತ ಕಡಿಮೆಯಿದ್ದರೆ ಒಂದು ಹೊತ್ತಿನ ಪಲ್ಯಕ್ಕೂ ಸಾಲುವುದಿಲ್ಲ, ಏಕೆಂದರೆ ಒಂದು ಗಿಡ ಒಂದು ದಿನಕ್ಕೆ ಒಂದು ಕಾಯಿ ಕೊಟ್ಟರೇ ಹೆಚ್ಚು. ಮನೆಯಲ್ಲಿ ಯಾರೂ ಇಷ್ಟಪಟ್ಟು ತಿನ್ನದ ತರಕಾರಿಗೆ ಪಾತಿ ಕೊಡಬೇಡಿ, ಅದು ಎಷ್ಟೇ ಚೆನ್ನಾಗಿ ಬೆಳೆಯಲಿ.

ಇನ್ನು ಬೀಜದ ಕಾಯಿ. ಕೊಯ್ದು ಕೊಯ್ದು, ಬಳ್ಳಿ ಸೋತ ಮೇಲೆ ಕಟ್ಟಕಡೆಗೆ ಉಳಿದ ಸೊಟ್ಟಗಿನ ಕಾಯಿಯನ್ನು ಬೀಜಕ್ಕೆಂದು ಬಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೀಗೇ ಮಾಡಿದ್ದೆ. ಅತ್ತೆಯವರು ಆ ಕಾಯಿಯನ್ನು ಕಿತ್ತು ಪಕ್ಕಕ್ಕಿಟ್ಟು, ನನ್ನನ್ನು ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ, ಬಳ್ಳಿ ಬಲವಾಗಿರುವಾಗ ಬಿಟ್ಟ ಎರಡನೆಯ ಅಥವಾ ಮೂರನೆಯ ಕಾಯಿಯನ್ನು ತೋರಿಸಿ ತೊಟ್ಟಿಗೆ ಕೆಂಪು ದಾರ ಕಟ್ಟಿಸಿದರು. ದಾರ ಕಂಡರೆ ಮನೆಯಲ್ಲಿ ಯಾರೂ ಆ ಕಾಯಿ ಮುಟ್ಟುವಂತಿರಲಿಲ್ಲ, ನೆಂಟರು ಬಂದಿದ್ದರೂ ಸರಿ. ಕಾಯಿಯ ಚಂದ ನೋಡಿದರೆ ಸಾಲದು, ಇಡೀ ಬಳ್ಳಿಯನ್ನು ನೋಡಬೇಕು. ರೋಗದ ಬಳ್ಳಿಯಲ್ಲಿ ಒಂದು ಒಳ್ಳೆಯ ಕಾಯಿ ಬಿಟ್ಟಿದ್ದರೂ ಅದರ ಬೀಜ ನನಗೆ ಬೇಡ.

ಹರಿವೆಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಮೊದಲು ಹೂ ಬಿಟ್ಟ ಗಿಡದಿಂದ ಬೀಜ ಸಿಗುವುದು ಸುಲಭ, ಹಾಗಾಗಿ ಅದನ್ನೇ ಎತ್ತಿಡುತ್ತಾರೆ. ಆದರೆ ಸೊಪ್ಪಿಗೆ ಬೇಕಾದದ್ದು ತಡವಾಗಿ ಹೂವಿಗೆ ಬರುವ ಗಿಡ. ಬೇಗ ಹೂ ಬಿಡುವುದನ್ನೇ ವರ್ಷ ವರ್ಷ ಆರಿಸಿದರೆ ಗೇಣುದ್ದವಾಗುವ ಮೊದಲೇ ತೆನೆ ಬರುವ ಹರಿವೆ ನಿಮ್ಮ ಪಾಲಿಗೆ ಉಳಿಯುತ್ತದೆ. ಕೊತ್ತಂಬರಿಗೂ ಇದೇ ಮಾತು.

ಬೀಜ ಬಲಿಯುವವರೆಗೆ ಕಾಯುವ ತಾಳ್ಮೆ ಬೇಕು. ಹೀರೆಕಾಯಿ ಬಳ್ಳಿಯಲ್ಲೇ ಒಣಗಿ ಕಂದಾಗಲಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಎನ್ನಬೇಕು. ತುದಿಯ ಮುಚ್ಚಳ ಮುರಿದು ಬೋರಲು ಹಿಡಿದರೆ ಕಪ್ಪು ಬೀಜಗಳು ತಾವಾಗಿ ಮಡಿಲಿಗೆ ಉದುರುತ್ತವೆ, ಉಳಿದ ನಾರು ಪಾತ್ರೆ ತಿಕ್ಕಲು ಆಗುತ್ತದೆ. ಹಾಲುಗುಂಬಳಕ್ಕೆ ಉಗುರು ಊರಿದರೆ ಇಳಿಯಬಾರದು, ಕೊಯ್ದ ಮೇಲೂ ಮೂರು ವಾರ ಮನೆಯೊಳಗೆ ಇಟ್ಟು ಆಮೇಲೆ ಒಡೆಯಿರಿ. ಬದನೆ ಬಣ್ಣಗೆಟ್ಟು ಹಳದಿಯಾಗಬೇಕು. ಟೊಮೆಟೊ ಬೀಜವನ್ನು ಲೋಳೆಯ ಸಮೇತ ಒಂದು ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟು, ಲೋಳೆ ಕಳಚಿದ ಮೇಲೆ ತೊಳೆದು ಒಣಗಿಸಬೇಕು.

ಜಾತಿ ಬೆರೆಯುವ ವಿಷಯ ತಿಳಿಯದೆ ಹಲವರು ಮೋಸಹೋಗುತ್ತಾರೆ. ಅವರೆ, ಬೀನ್ಸ್, ಟೊಮೆಟೊಗಳಲ್ಲಿ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಬೀಜ ತಾಯಿಯಂತೆಯೇ ಬರುತ್ತದೆ. ಬದನೆ, ಮೆಣಸು, ಬೆಂಡೆ ಸ್ವಲ್ಪ ಬೆರೆಯುತ್ತವೆ. ಕುಂಬಳ, ಸೋರೆ, ಹೀರೆ, ಹಾಗಲಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಪಕ್ಕದ ಮನೆಯ ಬೇರೆ ತಳಿಯ ಕುಂಬಳದ ಪರಾಗವನ್ನು ಜೇನು ನಿಮ್ಮ ಚಪ್ಪರಕ್ಕೆ ತಂದಿಡುತ್ತದೆ. ಆ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಗೊತ್ತಾಗುತ್ತದೆ.

ಅದಕ್ಕೆ ನಾನು ಕೈಯಿಂದಲೇ ಪರಾಗ ಮುಟ್ಟಿಸುತ್ತೇನೆ. ಕುಂಬಳದ ಹೂವು ಅರಳುವುದು ಬೆಳಗಿನ ಜಾವ. ಹಿಂದಿನ ಸಂಜೆಯೇ ಚಪ್ಪರ ನೋಡಿದರೆ ಮರುದಿನ ಅರಳುವ ಮೊಗ್ಗುಗಳ ತುದಿ ಹಳದಿಗೆ ತಿರುಗಿರುತ್ತದೆ. ಬುಡದಲ್ಲಿ ಗೋಲಿಯಷ್ಟು ಎಳೆಮಿಡಿ ಇರುವುದು ಹೆಣ್ಣು, ಬರೀ ಉದ್ದನೆಯ ತೊಟ್ಟಿರುವುದು ಗಂಡು. ಎರಡು ಬಗೆಯ ಮೊಗ್ಗಿನ ತುದಿಗೂ ನೂಲು ಸುತ್ತಿ ಬಿಡಿ, ಬೆಳಿಗ್ಗೆ ಅದು ಅರಳಲಾಗದೆ ಜೇನಿಗೆ ಒಳಗೆ ದಾರಿಯಿರುವುದಿಲ್ಲ. 8 ಗಂಟೆಯೊಳಗೆ ಅದೇ ತಳಿಯ ಇನ್ನೊಂದು ಬಳ್ಳಿಯ ಗಂಡು ಹೂವನ್ನು ಕಿತ್ತು, ಎಸಳು ಹರಿದು, ಮಧ್ಯದ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಮೃದುವಾಗಿ ತಿರುಗಿಸಬೇಕು. ಮತ್ತೆ ನೂಲು ಸುತ್ತಿ, ತೊಟ್ಟಿಗೆ ಕೆಂಪು ದಾರ. ನಾಲ್ಕೈದು ದಿನದಲ್ಲಿ ಮಿಡಿ ದಪ್ಪವಾದರೆ ಕೆಲಸ ಕೈಗೂಡಿತೆಂದು ಅರ್ಥ. ಹೀರೆ, ಸೋರೆಗಳ ಹೂವು ಸಂಜೆ ಅರಳುವುದರಿಂದ ಅವುಗಳ ಕೆಲಸ ದೀಪ ಹಚ್ಚುವ ಹೊತ್ತಿಗೆ. ಒಂದೇ ಬಳ್ಳಿಯ ಬೀಜವನ್ನು ವರ್ಷಾನುಗಟ್ಟಲೆ ನಂಬಬೇಡಿ, ವಂಶ ಸೊರಗುತ್ತದೆ. ನಾಲ್ಕೈದು ಬಳ್ಳಿಗಳ ಬೀಜ ಬೆರೆಸಿಡಿ.

ಸೋರೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋಗಲಾರೆ. ಕಹಿಸೋರೆಯೊಡನೆ ಬೆರೆತ ಬೀಜದಿಂದ ಬಂದ ಕಾಯಿ ನೋಡಲು ಮಾಮೂಲಿಯಂತೆಯೇ ಇರುತ್ತದೆ. ಹೆಚ್ಚುವಾಗ ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯೆನಿಸಿದರೆ ಉಗುಳಿ, ಕಾಯಿಯನ್ನು ಎಸೆಯಿರಿ, ಬಳ್ಳಿಯನ್ನೂ ಕೀಳಿ. ಕಹಿ ಸೋರೆಕಾಯಿಯ ರಸ ಕುಡಿದು ರಕ್ತ ವಾಂತಿಯಾಗಿ ಜೀವ ಹೋದವರಿದ್ದಾರೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಮಲೆನಾಡಿನಲ್ಲಿ ಬೀಜಕ್ಕೆ ದೊಡ್ಡ ವೈರಿ ಮಳೆಗಾಲದ ತೇವ. ಒಂದು ವರ್ಷ ಚಪ್ಪರದವರೆಯ ಕಾಳು ಒಣಗಿದೆಯೆಂದು ತಿಳಿದು ಡಬ್ಬಿಗೆ ತುಂಬಿಬಿಟ್ಟೆ. ಜುಲೈಯಲ್ಲಿ ತೆಗೆದರೆ ಒಂದೊಂದು ಕಾಳಿಗೂ ತೂತು, ಡಬ್ಬಿಯ ತಳದಲ್ಲಿ ಹಿಟ್ಟು. ಅತ್ತೆಯವರ ಕಾಲದಿಂದ ಬಂದ ಬೀಜ ಅದು, ತವರಿನಲ್ಲಿ ಅಕ್ಕನ ಮನೆಯಲ್ಲಿ ಒಂದು ಹಿಡಿ ಸಿಗದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಂದಿನಿಂದ ಹಲ್ಲಿನ ಪರೀಕ್ಷೆ ಮಾಡದೆ ಯಾವ ಕಾಳನ್ನೂ ಎತ್ತಿಡುವುದಿಲ್ಲ: ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೂ ಒಣಗಬೇಕು. ಅವರೆ, ಅಲಸಂದೆಗಳಿಗೆ ಕಿಲೋ ಕಾಳಿಗೆ ಒಂದು ಟೀ ಚಮಚದಷ್ಟು ಹರಳೆಣ್ಣೆ ಸವರಿದರೆ ಹುಳದ ಬಾಧೆ ಕಡಿಮೆ. ಸೌತೆ, ಕುಂಬಳದ ಬೀಜಗಳನ್ನು ಹಿಂದಿನವರು ಬೂದಿಯಲ್ಲಿ ಹೊರಳಿಸಿ, ಸಗಣಿಯ ಬೆರಟಿಯಲ್ಲಿ ಒತ್ತಿ, ಗೋಡೆಗೆ ಬಡಿಯುತ್ತಿದ್ದರು. ಸೌದೆ ಒಲೆಯ ಹೊಗೆ ಅದನ್ನು ಕಾಯುತ್ತಿತ್ತು. ಗ್ಯಾಸಿನ ಅಡುಗೆಮನೆಯಲ್ಲಿ ಆ ಕಾವಲು ಇಲ್ಲ. ಚೆನ್ನಾಗಿ ಒಣಗಿಸಿದ ಬೀಜವನ್ನು ಗಾಜಿನ ಬಾಟಲಿಗೆ ಹಾಕಿ, ಜರಡಿ ಹಿಡಿದ ಒಣಬೂದಿ ಬೆರೆಸಿ, ಬಿಗಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ. ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಬೀಜದ ಮೇಲೆ ನೀರು ಕೂರುತ್ತದೆ. ಅರ್ಧ ದಿನ ಹೊರಗಿಟ್ಟು ಆಮೇಲೆ ತೆರೆಯಿರಿ. ಬಾಟಲಿಯ ಮೇಲೆ ಹೆಸರು, ಯಾರು ಕೊಟ್ಟದ್ದು, ಯಾವ ವರ್ಷ ಎಂದು ಬರೆದಿಡಿ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಟೊಮೆಟೊ, ಸೌತೆ ನಾಲ್ಕು ವರ್ಷ ಬಂದೀತು.

ಏಪ್ರಿಲ್‌ನಲ್ಲಿ ಒಂದು ಪರೀಕ್ಷೆ. ಎಣಿಸಿ 20 ಬೀಜ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ವಾರ ಕಾಲ ಇಡಿ, ಬದನೆ, ಮೆಣಸಿಗೆ ಎರಡು ವಾರ. 14 ಮೊಳೆತರೆ ಒಳ್ಳೆಯ ಬೀಜ. 10ಕ್ಕಿಂತ ಕಡಿಮೆಯಾದರೆ ಬೇರೆ ಹುಡುಕಲು ಇನ್ನೂ ಒಂದು ತಿಂಗಳು ಕೈಯಲ್ಲಿರುತ್ತದೆ.

ಕೊಳ್ಳುವ ಬೀಜವೆಂದರೆ ಹೀಯಾಳಿಸುವವಳು ನಾನಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ನಾನೇ ಬೆಳೆದಿದ್ದೇನೆ. ಅರ್ಕಾ ಅನಾಮಿಕಾ ಬೆಂಡೆಯನ್ನು ಎಲೆಯ ನರ ಹಳದಿಯಾಗುವ ನಂಜುರೋಗ ತಡೆಯಲೆಂದೇ ರೂಪಿಸಿದ್ದು, ಅದರ ಬೀಜ ಎತ್ತಿಟ್ಟರೆ ಮತ್ತೆ ಅದೇ ಬರುತ್ತದೆ. ಆದರೆ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಹಣ್ಣಿನ ಬೀಜ ಹಾಕಿದರೆ ಗಿಡಗಳು ಒಂದೊಂದು ಒಂದೊಂದು ತರ. ಪೊಟ್ಟಣದ ಮೇಲೆ ‘ಎಫ್-1’ ಎಂದಿದ್ದರೆ ಪ್ರತಿ ವರ್ಷ ಕೊಳ್ಳಲೇಬೇಕು ಎಂದು ತಿಳಿಯಿರಿ. ಪೊಟ್ಟಣದ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಿ: ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ, ಯಾವಾಗಿನವರೆಗೆ ಬಿತ್ತಬಹುದು ಎಂಬುದು ಅಲ್ಲಿರುತ್ತದೆ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ, ಮಿಕ್ಕಿದ್ದನ್ನು ಅಡುಗೆಗಂತೂ ಬಳಸಲೇಬೇಡಿ.

ಕಾಲ ನೋಡಿ ಆರಿಸದಿದ್ದರೆ ಎಷ್ಟು ಒಳ್ಳೆಯ ಬೀಜವೂ ವ್ಯರ್ಥ. ಬೆಂಗಳೂರಿನಲ್ಲಿರುವ ಮಗಳು ನಮ್ಮ ಚಪ್ಪರದವರೆಯ ಕಾಳು ಒಯ್ದು ಫೆಬ್ರವರಿಯಲ್ಲಿ ತಾರಸಿಯ ಮೇಲೆ ಹಾಕಿದಳು. ಬಳ್ಳಿ ಆಳೆತ್ತರ ಹಬ್ಬಿತು, ತಿಂಗಳುಗಟ್ಟಲೆ ಹೂವಿಲ್ಲ. ಊರ ಅವರೆಗೆ ಹಗಲು ಚಿಕ್ಕದಾಗಬೇಕು, ಆಗಲೇ ಅದು ಹೂವಿಗೆ ಬರುವುದು. ಮಳೆಗಾಲದಲ್ಲಿ ಹಾಕಿದರೆ ಚಳಿಗೆ ಸರಿಯಾಗಿ ಕಾಯಿ. ಅಂಥವರಿಗೆಂದೇ ಅರ್ಕಾ ಜಯ್, ಅರ್ಕಾ ವಿಜಯ್ ಎಂಬ ಗಿಡ್ಡ ತಳಿಗಳಿವೆ, ಅವಕ್ಕೆ ಹಗಲಿನ ಹಂಗಿಲ್ಲ. ಹಾಗೆಯೇ ನಮ್ಮ ಕಡೆ ಟೊಮೆಟೊವನ್ನು ಜೂನಿನಲ್ಲಿ ಹಾಕಿ ಕೊಳೆಸುವ ಬದಲು ಮಳೆ ಹಿಂದೆಗೆದ ಮೇಲೆ, ಸೆಪ್ಟೆಂಬರಿನಲ್ಲಿ ಅಗೆ ಹಾಕುವುದು ಲೇಸು. ನೆಲದ ಗುಣವನ್ನೂ ಮರೆಯಬಾರದು. ಉಡುಪಿಯ ಮಟ್ಟು ಗುಳ್ಳವನ್ನು ಆಸೆಪಟ್ಟು ತಂದು ಬೆಳೆದೆ. ಗಿಡ ಚೆನ್ನಾಗಿಯೇ ಬಂತು, ಆದರೆ ಆ ಕಡಲ ಬದಿಯ ಮಣ್ಣಿನ ರುಚಿ ನಮ್ಮ ಜಂಬಿಟ್ಟಿಗೆ ನೆಲದ ಕಾಯಿಗೆ ಬರಲಿಲ್ಲ.

ತೊಂಡೆಗೆ ಬೀಜದ ಗೊಡವೆ ಬೇಡ, ಬೀಜದಿಂದ ಬಂದ ಬಳ್ಳಿಗಳಲ್ಲಿ ಗಂಡೂ ಇರುತ್ತದೆ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಪೆನ್ಸಿಲ್ ದಪ್ಪದ ಕಡ್ಡಿ ತಂದು ಊರಿ. ಬಸಳೆಗೂ ಕಡ್ಡಿಯೇ ಸಾಕು. ಶುಂಠಿ, ಅರಿಶಿನದ ಬಿತ್ತನೆ ಗೆಡ್ಡೆಯನ್ನು ಕೊಳೆ ಬಂದ ಪಾತಿಯಿಂದ ತೆಗೆಯಬೇಡಿ. ಊರ ಪಪ್ಪಾಯಿಯಲ್ಲಿ ಗಂಡು ಗಿಡ ಯಾವುದೆಂದು ಹೂ ಬಿಡುವವರೆಗೆ ತಿಳಿಯುವುದಿಲ್ಲ, ಒಂದು ಗುಂಡಿಗೆ ಮೂರು ಸಸಿ ನೆಟ್ಟು ಆಮೇಲೆ ಹೆಣ್ಣು ಒಂದನ್ನು ಉಳಿಸಿಕೊಳ್ಳಿ. ತೋಟಕ್ಕೆಲ್ಲ ಗಂಡು ಒಂದೆರಡಿದ್ದರೆ ಸಾಕು. ನರ್ಸರಿಯಲ್ಲಿ ಕಸಿ ಮಾವು, ಹಲಸು ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಕಸಿಯ ಗಂಟು ಪೂರ್ತಿ ಕೂಡಿದೆಯೇ, ಗಂಟಿನ ಕೆಳಗೆ ಚಿಗುರೊಡೆದಿದೆಯೇ, ಚೀಲದ ತಳದಲ್ಲಿ ಬೇರು ಸುತ್ತಿಕೊಂಡಿದೆಯೇ ಎಂದು ನೋಡಿ. ನನ್ನ ಒಂದು ಮಾವಿನಲ್ಲಿ ಗಂಟಿನ ಕೆಳಗಿನ ಚಿಗುರನ್ನು ಗಮನಿಸದೆ ಆರು ವರ್ಷ ಕಾಡುಮಾವನ್ನು ಸಾಕಿದಂತಾಯಿತು.

ಬೀಜ ಕಳೆದುಕೊಂಡವರು, ಹೊಸದಾಗಿ ಶುರು ಮಾಡುವವರು ಮೊದಲು ಅಕ್ಕಪಕ್ಕದ ಮನೆಗಳಲ್ಲಿ ಕೇಳಿ. ಅದೇ ಮಳೆ, ಅದೇ ಮಣ್ಣಿಗೆ ಒಗ್ಗಿದ ಬೀಜ ಅಲ್ಲಿರುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಮಲೆನಾಡಿನ ಹಿತ್ತಿಲ ಬೀಜಗಳನ್ನು ವರ್ಷಗಳಿಂದ ಉಳಿಸಿಕೊಂಡು ಬಂದಿದ್ದಾರೆ. ನಾನು ಯಾವ ಬೀಜವನ್ನೂ ಒಂದೇ ಮನೆಯಲ್ಲಿ ಇಡುವುದಿಲ್ಲ. ನಮ್ಮ ಅವರೆ ಈಗ ಐದು ಮನೆಗಳಲ್ಲಿದೆ. ಕಳೆದ ವಾರ ಕೆಳಗಿನ ಮನೆಯ ಸೊಸೆ ಬಂದು, ‘ದೊಡ್ಡಮ್ಮ, ನಿಮ್ಮ ಹಾಲುಗುಂಬಳದ ಬೀಜ ನಮಗೂ ಬೇಕು’ ಎಂದಳು. ಅವಳನ್ನು ಚಪ್ಪರದ ಕೆಳಗೆ ಕರೆದೊಯ್ದು, ಕೆಂಪು ದಾರದ ಕಾಯಿ ತೋರಿಸಿ, ಅದು ಒಡೆಯುವ ದಿನ ಬಾ ಎಂದಿದ್ದೇನೆ.